ಉದ್ಘಾಟನೆಯಾಗದ ಆಸ್ಪತ್ರೆಯ ಬೀಗ

ಶ್ರೀಮಂತ ದೇಶವೊಂದರ ಅಭಿವೃದ್ಧಿ ನೆರವಿನ ಮುಖ್ಯಸ್ಥರೇ,

ಆಫ್ರಿಕಾದ ಹಳ್ಳಿಯೊಂದಕ್ಕೆ ನೀವು ಕಟ್ಟಿಸಿಕೊಟ್ಟ ಆಸ್ಪತ್ರೆಯ ಬೀಗ ಒಡೆದರೆಂದು ಆ ಹಳ್ಳಿಯ ಮೂವರನ್ನು ಜೈಲಿಗೆ ಹಾಕಿಸಿದ್ದೀರಿ. ಅವರು ಬೀಗ ಒಡೆದದ್ದು ನನ್ನ ಗಂಡನಿಗಾಗಿ. ಆದ್ದರಿಂದ ಈ ಪತ್ರ.

ನನ್ನ ಗಂಡ ದುರುಗೇಶ್ ಸಂಡೂರಿನ ಗಣಿಯಲ್ಲಿ ಡೋಜರ್ ಓಡಿಸುತ್ತಿದ್ದವರು. ಇಲ್ಲಿ ಕೆಲಸ ತಪ್ಪಿದ ಮೇಲೆ, ನಿಮ್ಮ ದೇಶದ ಕಂಪನಿ ಬಂಡವಾಳ ಹೂಡಿ ಅದಿರು ತೆಗೆಯುತ್ತಿದ್ದ ಆ ಹಳ್ಳಿಯ ಗುಡ್ಡಕ್ಕೆ ಹೋದರು. ಹೋದ ಹೊಸತರಲ್ಲಿ ಫೋನಿನಲ್ಲಿ ನಕ್ಕಿದ್ದರು: "ಲಲಿತಾ, ಇಲ್ಲೂ ಮಣ್ಣು ನಮ್ಮೂರಿನಂಗ ಕೆಂಪು. ಅಂಗಿ ಹಿಂಡಿದ್ರ ಕುರೆಕುಪ್ಪ ನೆನಪಾಗ್ತೈತಿ." ಗಣಿಯಿಂದ ಬಂದರಿನವರೆಗೆ ನೀವು ನೆರವೆಂದು ಹಾಕಿಸಿದ ರಸ್ತೆಯನ್ನೂ ಹೊಗಳಿದ್ದರು. ಹಳ್ಳಿಯೊಳಗೆ ಮಾತ್ರ ಅದು ಹೋಗುವುದಿಲ್ಲವಂತೆ. ಯಾಕೆ ಹೋಗಬೇಕು? ಹಳ್ಳಿಯಲ್ಲಿ ಅದಿರಿಲ್ಲವಲ್ಲ.

ಮಳೆಗೆ ನೆನೆದ ಗುಡ್ಡ ಒಂದು ಬೆಳಿಗ್ಗೆ ಕುಸಿದು ಡೋಜರ್ ಮಗುಚಿತು. ಅವರ ತೊಡೆ ಜಜ್ಜಿಹೋಯಿತು. ಇದನ್ನೆಲ್ಲ ಕಣ್ಣಾರೆ ಕಂಡವನು ಅವರೊಂದಿಗೇ ಕೆಲಸಕ್ಕಿದ್ದ ಗಾದಿಗನೂರಿನ ಮಾಲತೇಶ್. ಹಳ್ಳಿಯ ಸೂಲಗಿತ್ತಿ ಮರಿಯಾಮ ಓಡಿ ಬಂದು, ಉಟ್ಟ ಬಟ್ಟೆಯನ್ನೇ ಹರಿದು ಗಾಯಕ್ಕೆ ಕಟ್ಟಿದಳು. ತನ್ನಿಬ್ಬರು ತಮ್ಮಂದಿರೊಂದಿಗೆ ಅವರನ್ನು ಮಂಚದ ಮೇಲೆ ಹೊತ್ತು ನಿಮ್ಮ ಆಸ್ಪತ್ರೆಗೆ ತಂದಳು. ಬಾಗಿಲಿಗೆ ಬೀಗ. ನಿಮ್ಮ ಸಚಿವರು ಬಂದು ರಿಬ್ಬನ್ ಕತ್ತರಿಸುವ ತನಕ ತೆರೆಯಬಾರದೆಂದು ಆದೇಶವಿದೆ ಎಂದ ಕಾವಲುಗಾರ. ಮರಿಯಾಮ ಕಲ್ಲು ಎತ್ತಿಕೊಂಡಳು.

ಒಳಗೆ ಏನಿತ್ತು, ಮಾನ್ಯರೇ? ಪ್ಲಾಸ್ಟಿಕ್ ಬಿಚ್ಚದ ಹಾಸಿಗೆಗಳು, ಗೋಡೆಗೆ ನಿಮ್ಮ ಬಾವುಟ. ಡಾಕ್ಟರಿಲ್ಲ, ಔಷಧಿಯಿಲ್ಲ.

ಮಾಲತೇಶ್ ನನಗೆ ಫೋನ್ ಮಾಡಿದ. "ಅಕ್ಕಾ, ಪ್ಯಾಟಿಗೆ ಒಯ್ಯೋಣಂದ್ರ ಅದಿರಿನ ಲಾರಿ ಒಂದೂ ನಿಲ್ಲವಲ್ದು. ಹಡಗು ಕಾಯ್ತೈತಂತ."

"ಅವರ ಕಿವಿಗೆ ಫೋನ್ ಹಿಡಿಯಪಾ," ಎಂದೆ.

"ಹಾಸಿಗಿ ಭಾಳ ಮೆತ್ತಗೈತಿ" ಎಂದರು ಅವರು. ಅದೇ ಅವರ ಕೊನೆಯ ಮಾತು. ನಿಮ್ಮ ವಾರ್ಷಿಕ ವರದಿಗೆ ಫಲಾನುಭವಿಯ ಅನಿಸಿಕೆ ಬೇಕಿದ್ದರೆ ಇದನ್ನು ಧಾರಾಳವಾಗಿ ಬಳಸಿಕೊಳ್ಳಿ.

ಸಚಿವರು ಬರುವ ಮುನ್ನ ರಕ್ತ ಮೆತ್ತಿದ ಹಾಸಿಗೆ ಬದಲಾಯಿಸಿದಿರಿ. ನಿಮ್ಮ ಕಚೇರಿಯಲ್ಲಿ ಕೆಲಸ ಇಷ್ಟು ಬೇಗ ಆಗುತ್ತದೆಂದು ತಿಳಿದು ಸಂತೋಷವಾಯಿತು. ರಿಬ್ಬನ್ ಕತ್ತರಿಸಿದ ದಿನವೇ, ನೆರವಿನ ಆಸ್ತಿ ಹಾಳುಮಾಡಿದರೆಂದು ಮರಿಯಾಮ ಮತ್ತು ಅವಳ ತಮ್ಮಂದಿರ ಮೇಲೆ ದೂರು ಕೊಟ್ಟಿರಿ. ಬಡವರನ್ನು ಉದ್ಧಾರ ಮಾಡುವುದೆಂದರೆ ಅವರನ್ನು ಜೈಲಿಗೆ ಅಟ್ಟುವುದೆಂದು ನಿಮಗೆ ಯಾರು ಹೇಳಿಕೊಟ್ಟರು?

ನನಗೆ ನಿಮ್ಮಿಂದ ಏನೂ ಬೇಡ, ಸಂತಾಪವೂ ಬೇಡ. ದೂರು ವಾಪಸ್ ತೆಗೆದುಕೊಳ್ಳಿ. ಮೂವರನ್ನೂ ಮನೆಗೆ ಕಳಿಸಿ. ನಿಮ್ಮ ಇಡೀ ಯೋಜನೆಯಲ್ಲಿ ಒಬ್ಬ ಮನುಷ್ಯನಿಗೆ ನೆರವಾದವರು ಅವರು ಮಾತ್ರ.

ಇಂತಿ,
ಮರಿಯಾಮಳ ಋಣ ತೀರಿಸಲಾರದ
ಲಲಿತಾ, ಕುರೆಕುಪ್ಪ