ಏನಿಲ್ಲ, ಒಂಚೂರು

ಮನೆಯಿಂದ,
ಸೋಮವಾರ, ಮಧ್ಯಾಹ್ನ

ನನ್ನ ಪ್ರೀತಿಯ ರೀ ಅವರಿಗೆ,

ಹೇಗಿದ್ದೀರಿ? ಊಟ ಸೇರುತ್ತಿದೆಯೇ? ನಿಮ್ಮ ಉತ್ತರ ಏನೆಂದು ಗೊತ್ತಿದ್ದೂ ಕೇಳುತ್ತಿದ್ದೇನೆ. ನಿನ್ನೆ ಬೆಳಿಗ್ಗೆ ಫೋನಿನಲ್ಲಿ "ಸೇತುವೆ ಕೆಲಸದಲ್ಲಿ ಒಂಚೂರು ಜಾರಿದೆ, ಏನಿಲ್ಲ" ಅಂದಿರಿ. ಆಮೇಲೆ ಎಷ್ಟು ಸಲ ಮಾಡಿದರೂ ನೀವು ಎತ್ತುತ್ತಿಲ್ಲ. ನಿಮ್ಮ ಮೇಸ್ತ್ರಿಯ ಫೋನೂ ಬಡಿದುಕೊಂಡು ಸುಮ್ಮನಾಗುತ್ತದೆ. ಕೈಕಟ್ಟಿ ಕೂರಲಾಗದೆ ಬರೆಯಲು ಕೂತೆ.

ನಿಮ್ಮದು ಎಂಥ ಮನೆತನವೋ! ನನ್ನ ತವರಿನಲ್ಲಿ ಸೊಳ್ಳೆ ಕಚ್ಚಿದರೂ ಬೀದಿಯವರೆಲ್ಲ ಬಂದು ವಿಚಾರಿಸಿಕೊಂಡು ಹೋಗಬೇಕು. ಅಲ್ಲಿಂದ ಬಂದವಳಿಗೆ ನಿಮ್ಮವರ ಮಾತು ಅರ್ಥವಾಗಲು ವರ್ಷಗಳೇ ಹಿಡಿದವು. ಮಾವನವರು ಗಾರೆ ಕೆಲಸಕ್ಕೆ ಹೋಗಿ, ಗೋಡೆಗೆ ಕಟ್ಟಿದ ಸಾರುವೆ ಮುರಿದು ಬಿದ್ದ ದಿನ ನೆನಪಿದೆಯಲ್ಲ? ನಡೆದುಕೊಂಡೇ ಮನೆಗೆ ಬಂದು, "ಒಂಚೂರು ಜಾರಿತು" ಅಂದು ಬಾಗಿಲಿಗೆ ಒರಗಿದರು. ನಾನು ಅದನ್ನೇ ನಂಬಿ ಟೀಗೆ ಇಟ್ಟೆ. ಅತ್ತೆ ಅಷ್ಟರಲ್ಲಿ ಗಾಡಿ ಕರೆಯಲು ಬೀದಿಗೆ ಓಡಿದ್ದರು. ಪಕ್ಕೆಲುಬು ಮುರಿದಿತ್ತು. "ಈ ಮನೆ ಗಂಡಸ್ರು ನೋವು ಅಂದ್ರೆ ಸುಮ್ನಿರು, ಒಂಚೂರು ಅಂದ್ರೆ ಡಾಕ್ಟ್ರನ್ನ ಕರಿ, ಏನಿಲ್ಲ ಅಂದ್ರೆ ಓಡು" ಎಂದು ಅತ್ತೆ ಅವತ್ತು ನನಗೆ ಹೇಳಿಕೊಟ್ಟರು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ.

ಮಾವನವರು ಹೋದ ದಿನವೂ ಅದೇ ಮಾತು. ಕೋಣೆಯಿಂದ "ಏನಿಲ್ಲಮ್ಮ, ನೀರು ಕೊಡು" ಅಂದರು. ನಾನು ಓಡಿದೆ. ಲೋಟ ತುಂಬಿಕೊಂಡು ಬರುವಷ್ಟರಲ್ಲಿ ಕೈ ಚಾಚಿದ್ದು ಚಾಚಿದ ಹಾಗೇ ಇತ್ತು. ಆಗಲೂ ನೀವು ಹೀಗೇ ದೂರದ ಕೆಲಸದಲ್ಲಿದ್ದಿರಿ.

ನಿನ್ನೆಯಿಂದ ಅವರ ಕೋಣೆಯಲ್ಲಿ ಸದ್ದು. ಯಾರೋ ಗೋಡೆಯ ಮೇಲೆ ಕರಣೆ ಎಳೆಯುತ್ತಿರುವ ಹಾಗೆ, ಅವರು ಗಾರೆ ಸವರುವಾಗ ಆಗುತ್ತಿತ್ತಲ್ಲ, ಅದೇ ಸದ್ದು. ಹೋಗಿ ನೋಡಿದೆ. ಕರಣೆ ಮೊಳೆಗೇ ನೇತಾಡುತ್ತಿದೆ, ಮೇಲಿನ ಧೂಳೂ ಕದಲಿಲ್ಲ. ಹಾಳಾದ್ದು ಇಲಿ ಇರಬೇಕು ಎಂದು ಬಾಗಿಲು ಎಳೆದುಕೊಂಡರೆ ಒಳಗಿನಿಂದ, "ಏನಿಲ್ಲಮ್ಮ." ಧ್ವನಿ ಅವರದೋ ನಿಮ್ಮದೋ ತಿಳಿಯಲಿಲ್ಲ. ಫೋನಿನಲ್ಲಿ ನಿಮ್ಮದೂ ಥೇಟ್ ಅದೇ ಧ್ವನಿ. ನನಗೆ ಭಯವಾಗುತ್ತಿದೆ ರೀ. ಅತ್ತೆ ನಿಮ್ಮ ಬಗ್ಗೆ ಕೇಳಿದ್ದಕ್ಕೆ "ಚೆನ್ನಾಗಿದ್ದಾರಂತೆ" ಅಂದುಬಿಟ್ಟೆ. ನೋಡಿ, ನಾನೂ ನಿಮ್ಮವರ ಜಾತಿಗೇ ಸೇರಿಬಿಟ್ಟೆ.

ಇದು ಕೈಸೇರಿದ ಕೂಡಲೇ ಒಂದು ಮಾತು ತಿಳಿಸಿ. ನೋವಿದ್ದರೆ ಊರಿಗೆಲ್ಲ ಕೇಳುವಂತೆ ಕೂಗಿಕೊಳ್ಳಿ, ನನಗೇನೂ ನಾಚಿಕೆಯಿಲ್ಲ. ನಿಮ್ಮಮ್ಮನ ಆಶೀರ್ವಾದ ನಿಮ್ಮ ಮೇಲಿದೆ, ನನ್ನ ಬೈಗುಳವೂ.

ನಿಮ್ಮವಳೇ ಆದ
ಬಾಯಿಬಡುಕಿ

ತಾ.ಕ.: ಅತ್ತೆ ಈಗ ಬಂದು, "ಅವ್ನು ಏನಂದ? ಇದ್ದಿದ್ದು ಇದ್ದ ಹಾಗೆ ಹೇಳು" ಅಂದರು. ಹೇಳಿದೆ. ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಾರೆ. ಹೊರಟೆವು. ಇದನ್ನು ಅಂಚೆಗೆ ಹಾಕುವುದಿಲ್ಲ, ನಾನೇ ತರುತ್ತೇನೆ. ಓದಲು ಆಗದಿದ್ದರೆ ಪಕ್ಕದಲ್ಲಿ ಕೂತು ಓದಿ ಹೇಳುತ್ತೇನೆ. ಅಲ್ಲಿಯವರೆಗೆ ಇರಿ.