ಪೊಟ್ಟಣದ ಮೇಲಿನ ಮಾತು

ಅಣ್ಣನಿಗೆ,

ನೀನು ಕಳಿಸಿದ ಕಾಗದವನ್ನು ಸಹಿ ಹಾಕದೆ ಇದರ ಜೊತೆಗೇ ವಾಪಸ್ ಕಳಿಸಿದ್ದೇನೆ. ನಿನ್ನ ಕಷಾಯದ ಪುಡಿಯಿಂದ ಕ್ಯಾನ್ಸರ್ ಗುಣವಾಗುತ್ತದೆ ಎಂದು ನನ್ನ ಹೆಸರಿನಲ್ಲಿ ಪೊಟ್ಟಣದ ಮೇಲೆ ಅಚ್ಚಾಗಕೂಡದು.

ಪ್ರಯೋಗಾಲಯದ ತಟ್ಟೆಯಲ್ಲಿ ಕ್ಯಾನ್ಸರ್ ಜೀವಕೋಶಗಳು ಸತ್ತ ದಿನ ಕುಣಿದಾಡಿ ನಿನಗೆ ಫೋನ್ ಮಾಡಿದವಳು ನಾನೇ. ತಪ್ಪೂ ನನ್ನದೇ. ನಿನ್ನ ಪುಡಿಗೆ ಹಾಕುವ ಎಲೆಯ ಸಾರವನ್ನು ಸ್ಪಿರಿಟ್‌ನಲ್ಲಿ ಕರಗಿಸಿದ್ದೆ. ಬರೀ ಸ್ಪಿರಿಟ್ ಹಾಕಿದ ಇನ್ನೊಂದು ತಟ್ಟೆಯನ್ನು ಪಕ್ಕದಲ್ಲಿಡಲು ಮರೆತಿದ್ದೆ. ಮರುವಾರ ಇಟ್ಟು ನೋಡಿದರೆ ಅದರಲ್ಲೂ ಹೆಚ್ಚುಕಡಿಮೆ ಅಷ್ಟೇ ಸತ್ತಿದ್ದವು; ಕೊಂದದ್ದು ಬಹುಪಾಲು ಸ್ಪಿರಿಟ್ಟೇ. ಎಲೆಗೂ ಒಂದಿಷ್ಟು ಶಕ್ತಿ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ತಟ್ಟೆಗೆ ಹಾಕಿದಷ್ಟು ಸಾರ ಮೈಗೆ ಸೇರಬೇಕಾದರೆ ಅಮ್ಮ ದಿನಕ್ಕೆ ನಾನೂರು ಲೋಟ ಕುಡಿಯಬೇಕು.

ಇದನ್ನೆಲ್ಲ ಆಗಲೇ ಹೇಳಿದ್ದೆ. ಆದರೂ ನೀನು ಅಮ್ಮನಿಗೆ, “ನಿನ್ನ ಮಗಳೇ ಕಂಡುಹಿಡಿದಿದ್ದಾಳೆ, ಇನ್ನು ಸೂಜಿ ಯಾಕೆ?” ಅಂದೆಯಂತೆ. ಅತ್ತಿಗೆ ಹೇಳಿದರು. ಕ್ಯಾನ್ಸರಿನ ಸೂಜಿಗೆ ಹೋಗಬೇಕಿದ್ದ ಅಮ್ಮ ಎರಡು ಸಲ ಆಸ್ಪತ್ರೆ ತಪ್ಪಿಸಿದ್ದಾಳೆ.

“ಹುಟ್ಟಿದ ಮನೆಗೇ ಕೊಳ್ಳಿ ಇಡ್ತೀಯಾ?” ಎಂದು ಮೊನ್ನೆ ನೀನು ನನ್ನನ್ನು ಕೇಳಿದೆ. ಅಮ್ಮನಿಲ್ಲದ ಮೇಲೆ ಅದೆಂಥ ಮನೆ?

ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ಯಲು ಸೋಮವಾರ ಬೆಳಿಗ್ಗೆ ಎಂಟಕ್ಕೆ ಗಾಡಿ ತರುತ್ತೇನೆ. ಅವಳ ಚೀಟಿಗಳನ್ನೂ ಸ್ವೆಟರನ್ನೂ ತೆಗೆದಿಡು, ಬಾಗಿಲಿಗೆ ಅಡ್ಡ ನಿಲ್ಲಬೇಡ. ಕಷಾಯವನ್ನು ಫ್ಲಾಸ್ಕಿಗೆ ಹಾಕಿಕೊಡು. ಡಾಕ್ಟರು ಹೂಂ ಅಂದರೆ ನಾನೇ ಕುಡಿಸುತ್ತೇನೆ. ಪೊಟ್ಟಣದ ಮೇಲೆ ಹಾಕಲು, ಅದು ರುಚಿಯಾಗಿದೆ ಎಂದಷ್ಟೇ ಬರೆದಿಡು. ಅದಕ್ಕೆ ಬಾಗಿಲಲ್ಲೇ ನಿಂತು ಸಹಿ ಹಾಕುತ್ತೇನೆ.

ನೀನು ಎಷ್ಟು ಬೈದರೂ,
ನಿನ್ನ ತಂಗಿ