ಮಳೆ ಬಾರದ ದಿನ ಮಳೆಯಿಂದ ರದ್ದಾದ ಫೈನಲ್

ಕಾವೇರಿ-ಶಿಂಷಾ ಅಂತರ ಕಾಲೇಜು ಕ್ರೀಡಾ ಮಂಡಳಿಯ ಕಾರ್ಯದರ್ಶಿಯವರಿಗೆ,

ಮಾನ್ಯರೇ,

ಈ ತಿಂಗಳ ಇಪ್ಪತ್ಮೂರರ ಭಾನುವಾರ ಮದ್ದೂರಿನಲ್ಲಿ ತಾವು ‘ಪ್ರಥಮ ಮಹಿಳಾ ಕಾಲೇಜು ಸಾಫ್ಟ್‌ಬಾಲ್ ಚಾಂಪಿಯನ್‌ಶಿಪ್’ ನಡೆಸುತ್ತಿರುವುದಾಗಿ ಬಸ್ ನಿಲ್ದಾಣದ ಎದುರಿನ ಬ್ಯಾನರ್ ಸಾರುತ್ತಿದೆ. ಆ ಬ್ಯಾನರಿನಲ್ಲಿ ತಮ್ಮ ಭಾವಚಿತ್ರ ನಿಜ, ದಿನಾಂಕ ನಿಜ, ‘ಪ್ರಥಮ’ ಎಂಬ ಪದ ಸುಳ್ಳು. ಇದು ಹದಿನೈದನೆಯ ಚಾಂಪಿಯನ್‌ಶಿಪ್. ಮೊದಲನೆಯದು ಇದೇ ಮದ್ದೂರಿನಲ್ಲಿ 2006ರಲ್ಲಿ ನಡೆಯಿತು, ಅದರಲ್ಲಿ ನಾನು ಆಡಿದ್ದೇನೆ. ಹದಿನಾಲ್ಕನೆಯದು 2019ರ ಫೆಬ್ರವರಿಯಲ್ಲಿ ಮಳವಳ್ಳಿಯಲ್ಲಿ ನಡೆಯಿತು, ಅದರ ಫೈನಲ್‌ಗೆ ನಾನೇ ಅಂಪೈರ್ ಆಗಿದ್ದೆ.

ಒಂದು ಪದಕ್ಕೆ ಇಷ್ಟು ರಂಪವೇಕೆ ಎಂದು ತಾವು ಕೇಳಬಹುದು. ಆ ಒಂದು ಪದಕ್ಕೆ ಒಬ್ಬ ಹುಡುಗಿಯ ಉದ್ಯೋಗ ಸಿಕ್ಕಿಕೊಂಡಿದೆ. ಬೆಳಕವಾಡಿಯ ಶೋಭಿತಾ ಮಳವಳ್ಳಿ ಕಾಲೇಜಿನ ಪಿಚರ್ ಆಗಿದ್ದವಳು, ಅಂದರೆ ಬ್ಯಾಟ್ ಹಿಡಿದವಳಿಗೆ ಚೆಂಡೆಸೆಯುವ ಆಟಗಾರ್ತಿ. ಈಗ ಅವಳಿಗೆ ಇಪ್ಪತ್ತಾರು ವರ್ಷ. ಕ್ರೀಡಾ ಕೋಟಾದಲ್ಲಿ ಸರ್ಕಾರಿ ಕೆಲಸಕ್ಕೆ ಆಯ್ಕೆಯಾಗಿದ್ದಾಳೆ. ಅವಳ 2019ರ ರನ್ನರ್ ಅಪ್ ಪ್ರಮಾಣಪತ್ರ ಅಸಲಿಯೇ ಎಂದು ಆಯ್ಕೆ ಸಮಿತಿಯವರು ತಮ್ಮನ್ನು ಕೇಳಿದರು. ತಮ್ಮ ಕಚೇರಿ ಉತ್ತರಿಸಿತು: ‘ಸದರಿ ಪಂದ್ಯಾವಳಿ ಮಂಡಳಿಯ ಆಶ್ರಯದಲ್ಲಿ ನಡೆದ ಬಗ್ಗೆ ಯಾವುದೇ ದಾಖಲೆ ಲಭ್ಯವಿರುವುದಿಲ್ಲ.’ ಕೆಳಗೆ ತಮ್ಮ ಸಹಿ. ಸಮಿತಿ ಅವಳಿಗೆ ಕೊಟ್ಟಿರುವ ಗಡುವು ಈ ಶುಕ್ರವಾರ, ಇಪ್ಪತ್ತೊಂದನೇ ತಾರೀಖು ಸಂಜೆ ಐದು ಗಂಟೆ. ಆಮೇಲೆ ಪಟ್ಟಿಯಲ್ಲಿ ಅವಳ ಹೆಸರಿರುವ ಜಾಗಕ್ಕೆ ಮುಂದಿನವರ ಹೆಸರು ಬರುತ್ತದೆ.

ದಾಖಲೆ ಲಭ್ಯವಿಲ್ಲ ಎಂದಿರಿ. ಹಾಗಾದರೆ ದಾಖಲೆಯನ್ನು ನಾನು ಕೊಡುತ್ತೇನೆ.

ಈ ಆಟವನ್ನು ನಮ್ಮ ಕಡೆಗೆ ತಂದವರು ಮದ್ದೂರು ಕಾಲೇಜಿನ ದೈಹಿಕ ಶಿಕ್ಷಣ ಉಪನ್ಯಾಸಕಿ ವೀಣ ಮೇಡಂ. ಆಗ ಕಾಲೇಜಿನ ಮೈದಾನ ಬೆಳಗಿನಿಂದ ಸಂಜೆಯವರೆಗೆ ಹುಡುಗರ ಕ್ರಿಕೆಟ್ಟಿಗೆ ಮೀಸಲು. ನಮಗೆ ಉಳಿದದ್ದು ಗೋಡೆ ಪಕ್ಕದ ಥ್ರೋಬಾಲ್ ಅಂಕಣ, ಅದೂ ಸ್ಕೂಟರ್‌ಗಳು ನಿಲ್ಲದ ದಿನ. ಮೇಡಂ ಪ್ರಾಂಶುಪಾಲರ ಬಳಿ ಹೋಗಿ, ಹುಡುಗರು ಆಡದ ಆಟವೊಂದಿದೆ, ಅದಕ್ಕೆ ವಾರದಲ್ಲಿ ಎರಡು ಸಂಜೆ ಮೈದಾನ ಕೊಡಿ ಎಂದು ಕೇಳಿದರು. ಸಾಫ್ಟ್‌ಬಾಲ್ ಎಂದರೇನೆಂದು ತಿಳಿಯದ ಕಾರಣ ಅವರು ಒಪ್ಪಿಬಿಟ್ಟರು. ಮೇಡಂ ಇಂಗ್ಲಿಷಿನ ನಿಯಮ ಪುಸ್ತಕವನ್ನು ಕೂತು ಕನ್ನಡಕ್ಕೆ ಇಳಿಸಿ, ಕೈಬರಹದಲ್ಲಿ ಮಂಡ್ಯ, ಮಳವಳ್ಳಿಯ ಕಾಲೇಜುಗಳಿಗೂ ಕಳಿಸಿದರು. ಮೊದಲ ವರ್ಷ ಬಂದದ್ದು ನಾಲ್ಕೇ ತಂಡ.

ಸಾಮಾನು ಎಲ್ಲಿತ್ತು? ನಮ್ಮ ತಂದೆ ಜಹಾಂಗೀರ್ ಮದ್ದೂರಿನಲ್ಲಿ ಲಾರಿ ಮೆಕ್ಯಾನಿಕ್. ಹಳೇ ಲಾರಿ ಟೈರಿನ ರಬ್ಬರನ್ನು ಐದು ಮೂಲೆಯಾಗಿ ಕೊಯ್ದು, ಬ್ಯಾಟ್ ಹಿಡಿದವಳು ನಿಲ್ಲುವ, ಸುತ್ತಿ ಓಡಿಬಂದು ತುಳಿದರೆ ಒಂದು ರನ್ ಸಿಗುವ ಹೋಮ್ ಪ್ಲೇಟ್ ಮಾಡಿಕೊಟ್ಟರು. ಬಸ್ಸಿನ ಸೀಟಿನ ರೆಕ್ಸಿನ್ನಿನೊಳಗೆ ತೆಂಗಿನ ನಾರು ತುಂಬಿ, ಓಡುವವರು ದಾರಿಯಲ್ಲಿ ನಿಲ್ಲಬಹುದಾದ ಮೂರು ಬೇಸ್ ಹೊಲಿದುಕೊಟ್ಟರು. ನಾನು ಕ್ಯಾಚರ್, ಅಂದರೆ ಬ್ಯಾಟಿನ ಹಿಂದೆ ಕುಕ್ಕರಗಾಲಿನಲ್ಲಿ ಕೂತು ಚೆಂಡು ಹಿಡಿಯುವವಳು. ಮುಖಕ್ಕೆ ಜಾಲರಿ ಬೇಕೆಂದಾಗ ಅಬ್ಬಾ ಕಂಬಿ ಬಗ್ಗಿಸಿ ವೆಲ್ಡ್ ಮಾಡಿ ತಂದು, ನನ್ನ ತಲೆಗೆ ಹಾಕಿ, ಸ್ಪ್ಯಾನರಿನಿಂದ ಮೆಲ್ಲಗೆ ಕುಟ್ಟಿ ನೋಡಿದರು. "ಬಾಲ್ ಆಮ್ಯಾಕ್ ಇಡ್ಕೊ, ಮೊದ್ಲು ಮೂತಿ ಉಳುಸ್ಕೊ" ಎಂದರು. ನೆಂಟರೊಬ್ಬರು ಅಂಗಡಿಗೆ ಬಂದು, ಮದುವೆಗೆ ಬಂದ ಹುಡುಗಿಯನ್ನು ಹೀಗೆ ಮೈದಾನಕ್ಕೆ ಬಿಡುವುದೇ ಎಂದು ಕೇಳಿದಾಗ, "ಅವ್ಳು ಕೂತಿರೋ ಜಾಗಕ್ಕೆ ಒಂದ್ಸಲ ಬಂದ್ ಕೂತ್ ನೋಡು, ಆಮೇಲ್ ಮಾತಾಡ್ವ" ಎಂದು ಮತ್ತೆ ಎಂಜಿನ್ ಕೆಳಗೆ ತೂರಿಕೊಂಡರು. ಆ ವರ್ಷ ನಾವು ಮಂಡ್ಯದವರ ಎದುರು ಸೋತೆವು. ಹಾಗಾಗಿ, ಮಾನ್ಯರೇ, ಇಲ್ಲದ ಪಂದ್ಯಾವಳಿಯಲ್ಲಿ ಸೋತ ಅನುಭವ ನನಗಿದೆ.

ಮುಂದಿನ ವರ್ಷ ಆರು ತಂಡ, ಹತ್ತನೇ ವರ್ಷಕ್ಕೆ ಹದಿನೇಳು. 2009ರಿಂದ ತಮ್ಮ ಮಂಡಳಿಯೇ ಆಶ್ರಯ ಕೊಟ್ಟಿತು. ಪ್ರಮಾಣಪತ್ರದ ಮೇಲೆ ಮಂಡಳಿಯ ಮುದ್ರೆ ಬಿತ್ತು, ಸ್ಮರಣ ಸಂಚಿಕೆಯಲ್ಲಿ ಮಂಡಳಿಯ ಸಂದೇಶ ಬಂತು. ಈ ಎಲ್ಲ ವರ್ಷವೂ ಪ್ರತಿ ಪಂದ್ಯದ ಸ್ಕೋರ್ ಬರೆದವರು ಹೊನ್ನಯ್ಯನವರು. ಶಿವನಸಮುದ್ರದ ವಿದ್ಯುತ್ ಕೇಂದ್ರದಲ್ಲಿ ಆಪರೇಟರ್ ಆಗಿದ್ದು ನಿವೃತ್ತರಾದವರು. ಗಂಟೆಗೊಮ್ಮೆ ಮೀಟರ್ ನೋಡಿ ಬರೆದ ಕೈ ಅದು. ಯಾವ ಚೆಂಡು ಎಷ್ಟು ಹೊತ್ತಿಗೆ, ಯಾರು ಹೊಡೆದರು, ಯಾರು ಹಿಡಿದರು, ಎಲ್ಲವೂ ಅವರ ಉದ್ದನೆಯ ಪುಸ್ತಕದಲ್ಲಿದೆ.

ಈಗ 2019ಕ್ಕೆ ಬರುತ್ತೇನೆ. ತಾವು ಮರೆತಿದ್ದರೆ ನೆನಪಿಸುತ್ತೇನೆ, ಏಕೆಂದರೆ ಆಗ ಮಂಡಳಿಯ ಸಹಾಯಕ ಕಾರ್ಯದರ್ಶಿಯಾಗಿ ಮೈಕು ಹಿಡಿದು ನಿಂತಿದ್ದವರು ತಾವೇ.

ಮಳವಳ್ಳಿಗೂ ಮಂಡ್ಯಕ್ಕೂ ಫೈನಲ್. ಬಹುಮಾನ ಕೊಡಲು ಮಧ್ಯಾಹ್ನ ಹನ್ನೆರಡಕ್ಕೆ ಬರಬೇಕಿದ್ದ ಮುಖ್ಯ ಅತಿಥಿಗಳು ಬಂದದ್ದು ನಾಲ್ಕೂಕಾಲಿಗೆ. ಅವರಿಗಾಗಿ ಕಾದು ಕಾದು ತಡವಾಗಿ ಶುರುವಾದ ಆಟ ಆ ಹೊತ್ತಿಗೆ ಕೊನೆಯ ಇನ್ನಿಂಗ್ಸಿನಲ್ಲಿತ್ತು. ಮಳವಳ್ಳಿ ಮೂರು ರನ್, ಮಂಡ್ಯ ಎರಡು. ಮಂಡ್ಯದವರ ಕೊನೆಯ ಬ್ಯಾಟಿಂಗ್, ಮೂವರು ಔಟಾದರೆ ಮುಗಿಯಿತು, ಇಬ್ಬರು ಔಟಾಗಿದ್ದರು. ಎರಡನೇ ಬೇಸಿನಲ್ಲಿ ಒಬ್ಬಳು, ಮೂರನೇ ಬೇಸಿನಲ್ಲಿ ಒಬ್ಬಳು. ಬ್ಯಾಟ್ ಹಿಡಿದವಳು ಗಗನ. ಚೆಂಡು ಶೋಭಿತಾಳ ಕೈಯಲ್ಲಿ. ಇನ್ನೊಬ್ಬಳು ಔಟಾದರೆ ಕಪ್ಪು ಮಳವಳ್ಳಿಗೆ, ಒಂದು ಒಳ್ಳೆಯ ಹೊಡೆತ ಬಿದ್ದರೆ ಮಂಡ್ಯಕ್ಕೆ.

ಆಗ ಮೈಕಿನಲ್ಲಿ ತಮ್ಮ ದನಿ ಬಂತು. ಆಟ ನಿಲ್ಲಿಸಿ, ಅತಿಥಿಗಳಿಗೆ ಬೇರೆ ಕಾರ್ಯಕ್ರಮವಿದೆ, ಎರಡೂ ತಂಡಗಳನ್ನು ಜಂಟಿ ವಿಜೇತರೆಂದು ಘೋಷಿಸಲಾಗಿದೆ, ಎಲ್ಲರೂ ಫೋಟೋಗೆ ವೇದಿಕೆಯ ಮುಂದೆ ಸಾಲಾಗಿ ಬನ್ನಿ.

ಮೈದಾನದಲ್ಲಿ ಯಾರೂ ಅಲುಗಲಿಲ್ಲ. ನಾನು ಶೋಭಿತಾಳ ಕಡೆ ನೋಡಿದೆ. ಒಂದು ರನ್ ಮುಂದಿದ್ದವಳು ಅವಳು. ಸುಮ್ಮನೆ ನಡೆದುಬಂದಿದ್ದರೆ ವಿಜೇತೆ ಎಂಬ ಪ್ರಮಾಣಪತ್ರ ಕೈಗೆ ಬರುತ್ತಿತ್ತು. ಅವಳು ಚೆಂಡನ್ನು ಪ್ಯಾಂಟಿಗೆ ಒರೆಸಿಕೊಂಡು ಅಲ್ಲೇ ನಿಂತಳು. ಗಗನ ನನ್ನ ಕಡೆ ತಿರುಗಿ, "ಮಿಸ್, ಇದೊಂದ್ ಬಾಲ್ ಆಡ್ದೆ ನಾನ್ ಬರಾಕಿಲ್ಲ" ಎಂದಳು. ಶೋಭಿತಾ ಅಲ್ಲಿಂದಲೇ ಹೇಳಿದಳು, "ಆಡ್ಸಿ ಮಿಸ್. ಅರ್ಧ ಕಪ್ಪು ತಕ್ಕೊಂಡ್ ಮನ್ಗೆ ಎಂಗ್ ಓಗದು?"

ಅಂಪೈರ್ ಆದವಳು ಏನು ಮಾಡಬೇಕಿತ್ತು? ಆಟ ಮುಂದುವರಿಯಲಿ ಎಂದು ಕೈ ತೋರಿಸಿದೆ. ಶೋಭಿತಾ ಎಸೆದಳು. ಗಗನ ಹೊಡೆದಳು. ಚೆಂಡು ಹತ್ತಿರ ನಿಂತಿದ್ದ ಫೀಲ್ಡರ್‌ಗಳ ತಲೆಯ ಮೇಲಿಂದ ಹೋಗಿ ಹುಲ್ಲಿನಲ್ಲಿ ಬಿತ್ತು. ಬೇಸುಗಳಲ್ಲಿದ್ದ ಇಬ್ಬರೂ ಓಡಿಬಂದು ಹೋಮ್ ಪ್ಲೇಟ್ ತುಳಿದರು. ನಾಲ್ಕು, ಮೂರು. ಮಂಡ್ಯ ಗೆದ್ದಿತು.

ಶೋಭಿತಾ ಅಲ್ಲೇ ಕುಸಿದು ಕೂತಳು. ಗಗನ ತನ್ನವರ ಕಡೆ ಓಡದೆ ಅವಳ ಬಳಿ ಹೋಗಿ ಪಕ್ಕದಲ್ಲಿ ಕೂತಳು. ಅಷ್ಟರಲ್ಲಿ ಅತಿಥಿಗಳ ಕಾರು ಗೇಟು ದಾಟಿತ್ತು. ತಾವು ವೀಣ ಮೇಡಂ ಹತ್ತಿರ ಬಂದು, "ಹೆಣ್ಮಕ್ಕಳನ್ನ ಹದ್ದುಬಸ್ತಲ್ಲಿ ಇಡೋಕೆ ಬರದವರಿಗೆ ಟೂರ್ನಮೆಂಟ್ ಯಾಕ್ರೀ?" ಎಂದಿರಿ. ಮಾರನೆಯ ದಿನ ಮೇಡಂ ಮಂಡಳಿಯ ಮುದ್ರೆ ಮೊದಲೇ ಬಿದ್ದಿದ್ದ ಪ್ರಮಾಣಪತ್ರಗಳಿಗೆ ಸಂಚಾಲಕಿಯಾಗಿ ಸಹಿ ಹಾಕಿ ಮಂಡ್ಯಕ್ಕೆ ವಿಜೇತ, ಮಳವಳ್ಳಿಗೆ ರನ್ನರ್ ಅಪ್ ಎಂದು ಹಂಚಿದರು.

ಇಲ್ಲಿಯವರೆಗೆ ಬರೆದದ್ದು ಸುಲಭವಾಗಿತ್ತು. ಮುಂದಿನದು ನನ್ನ ವಿಚಾರ.

ಒಂಬತ್ತು ದಿನದ ನಂತರ ತಾವು ನನ್ನನ್ನು ಕಚೇರಿಗೆ ಕರೆಸಿದಿರಿ. ನಾನಾಗ ಮದ್ದೂರಿನ ಒಂದು ಅನುದಾನಿತ ಪ್ರೌಢಶಾಲೆಗೆ ಸೇರಿ ಒಂದು ವರ್ಷವಾಗಿತ್ತು, ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಟೈಪ್ ಮಾಡಿದ ಒಂದು ಹಾಳೆ ಮೇಜಿನ ಮೇಲಿತ್ತು. ‘ಅಂತಿಮ ಪಂದ್ಯದ ವೇಳೆ ಭಾರಿ ಮಳೆ ಸುರಿದ ಕಾರಣ ಪಂದ್ಯವನ್ನು ರದ್ದುಗೊಳಿಸಲಾಯಿತು. ಪಂದ್ಯಾವಳಿಯ ಫಲಿತಾಂಶ ಇರುವುದಿಲ್ಲ.’ ಅಂಪೈರ್ ವರದಿ. "ನಿಮ್ಮ ಶಾಲೆಯ ಅಧ್ಯಕ್ಷರು ನಮಗೆ ಬೇಕಾದವರೇ" ಎಂದಿರಿ. ಅಷ್ಟೇ ಸಾಕಿತ್ತು. ನಾನು ಸಹಿ ಹಾಕಿದೆ. ಹೆದರಿದ್ದೆ ಎಂಬುದು ಕಾರಣವೇ ಹೊರತು ಸಮಜಾಯಿಷಿಯಲ್ಲ. ಹೊರಗೆ ಬಂದಾಗ ಬಿಸಿಲಿಗೆ ಡಾಂಬರು ಮೆತ್ತಗಾಗಿತ್ತು.

ವೀಣ ಮೇಡಂಗೆ ನಾನೇ ಹೋಗಿ ಹೇಳಿದೆ. ಅವರು, "ಬುಡು ನಾಜಿಮಾ, ಕೆಲ್ಸ ಉಳುಸ್ಕೊ" ಎಂದರು. ಬೈದಿದ್ದರೆ ನಾನು ಅಂದೇ ವಾಪಸು ಹೋಗಿ ಆ ಹಾಳೆ ಹರಿಯುತ್ತಿದ್ದೆನೇನೋ. ಆಮೇಲೆ ಮಂಡಳಿಯ ಯಾವ ಸಮಿತಿಗೂ ಅವರನ್ನು ಕರೆಯಲಿಲ್ಲ. ಮುಂದಿನ ವರ್ಷ ಕೋವಿಡ್ ಬಂತು, ಪಂದ್ಯಾವಳಿ ನಿಂತಿತು. ಎರಡನೇ ಅಲೆಯಲ್ಲಿ ಮೇಡಂ ಹೋಗಿಬಿಟ್ಟರು.

ಈಗ ತಾವೇ ಹೇಳಿ. 2019ರಲ್ಲಿ ಮಳೆಯಿಂದ ರದ್ದಾಯಿತು ಎಂದು ಬರೆಸಿಕೊಂಡವರೂ ತಾವು, 2025ರಲ್ಲಿ ನಡೆದೇ ಇಲ್ಲ ಎನ್ನುತ್ತಿರುವವರೂ ತಾವು. ನಡೆಯದ ಪಂದ್ಯಾವಳಿಯ ಮೇಲೆ ಮಳೆ ಹೇಗೆ ಸುರಿಯಿತು? ಫೆಬ್ರವರಿಯಲ್ಲಿ, ಮಳವಳ್ಳಿಯಲ್ಲಿ, ಆ ಒಂದೇ ಮೈದಾನಕ್ಕೆ?

ಶೋಭಿತಾ ತಮ್ಮ ಉತ್ತರದ ಪ್ರತಿಯನ್ನು ನನಗೆ ಕಳಿಸಿದ ಮರುದಿನ ನಾನು ಬೆಳಕವಾಡಿಗೆ ಹೋದೆ. ಅವಳ ತಾಯಿ ಬೆಳ್ಳಮ್ಮ ಚಾಪೆ ಹಾಕಿ ಕಾಫಿ ಕೊಟ್ಟರು. ಲೋಟ ಹಿಡಿದುಕೊಂಡೇ ಎಲ್ಲವನ್ನೂ ಹೇಳಿದೆ. ಶೋಭಿತಾ ಗೋಡೆಗೆ ಒರಗಿ ನಿಂತಿದ್ದವಳು ಕೇಳಿದಳು, "ನೀವಾ ಮಿಸ್? ನೀವೇ ತಾನೇ ಅವತ್ತು ಆಡಿ ಅಂದಿದ್ದು?"

ಹೌದೆಂದೆ.

"ಅವತ್ತು ಅರ್ಧ ಕಪ್ಪು ಬ್ಯಾಡ ಅಂದ್ನಲ್ಲ. ಈಗ ಸೋತಿದ್ದೂ ನಂದಲ್ಲ ಅಂತಾವ್ರೆ" ಎಂದು ಒಳಗೆ ಹೋದಳು.

ಬೆಳ್ಳಮ್ಮ ನನ್ನ ಕೈಯಿಂದ ಲೋಟ ತೆಗೆದುಕೊಂಡರು. "ಅಳ್ಬ್ಯಾಡ ಕಣವ್ವ. ಅತ್ರೆ ಅವ್ಳಿಗೆ ಕೆಲ್ಸ ಬತ್ತದಾ? ಓಗಿ ಬರ್ಕೊಟ್ಟಿದ್ನ ತಪ್ಪು ಅಂತ ಬರ್ಕೊಟ್ ಬಾ" ಎಂದರು.

ಬರೆದುಕೊಟ್ಟು ಬಂದಿದ್ದೇನೆ. ಕಳೆದ ಸೋಮವಾರ ನೋಟರಿಯ ಮುಂದೆ ಪ್ರಮಾಣ ಮಾಡಿ, 2019ರ ನನ್ನ ವರದಿ ಸುಳ್ಳು, ಅದನ್ನು ಒತ್ತಡಕ್ಕೆ ಮಣಿದು ಬರೆದೆ ಎಂದು ಹೇಳಿದ್ದೇನೆ. ಸಮಿತಿಯ ಮುಂದೆ ನಾವು ಮೂವರು ಹೋದೆವು. ಶೋಭಿತಾ ನನ್ನ ಜೊತೆ ಮಾತಾಡಲಿಲ್ಲ, ಆದರೆ ಬಸ್ಸಿನಲ್ಲಿ ಪಕ್ಕದ ಸೀಟು ಬಿಟ್ಟಿದ್ದಳು. ಗಗನ ಈಗ ಮಂಡ್ಯದ ಒಂದು ಬ್ಯಾಂಕಿನಲ್ಲಿದ್ದಾಳೆ. ರಜೆ ಹಾಕಿ ಬಂದು, ತನ್ನ ವಿಜೇತ ಪ್ರಮಾಣಪತ್ರವನ್ನು ಮೇಜಿನ ಮೇಲಿಟ್ಟು, "ಇವ್ಳು ಸೋತಿಲ್ಲ ಅಂದ್ರೆ ನಾನ್ ಗೆದ್ದಿದ್ದು ಯಾರ್ ಮೇಲೆ ಸಾರ್?" ಎಂದು ಕೇಳಿದಳು. ನಾನು ಹೊನ್ನಯ್ಯನವರ ಪುಸ್ತಕ ತೆರೆದೆ. ವಿದ್ಯುತ್ ಕೇಂದ್ರದ ರೂಢಿಯಂತೆ ಅವರು ಪ್ರತಿ ಪುಟದ ತಲೆಗೆ ಹವಾಮಾನ ಬರೆಯುತ್ತಾರೆ. ಆ ದಿನದ ಪುಟದಲ್ಲಿ ಇರುವುದು ಇಷ್ಟೇ: ‘ಬಿಸಿಲು. ಗಾಳಿ ಇಲ್ಲ. ನಾಲ್ಕು ಗಂಟೆ ಇಪ್ಪತ್ತೆರಡು ನಿಮಿಷಕ್ಕೆ ಕೊನೆಯ ಚೆಂಡು.’

ಸಮಿತಿಯವರು ಎಲ್ಲವನ್ನೂ ಓದಿದರು. ನಂಬುತ್ತೇವೆ ಎಂದರು. ಆದರೆ ನಿಯಮದ ಪ್ರಕಾರ ದೃಢೀಕರಣ ಮಂಡಳಿಯಿಂದಲೇ ಬರಬೇಕು, ಕಾರ್ಯದರ್ಶಿಯವರ ಒಂದು ಸಾಲು ಸಾಕು ಎಂದರು. ಆ ಒಂದು ಸಾಲಿಗಾಗಿ ಶೋಭಿತಾ ತಮ್ಮ ಕಚೇರಿಗೆ ಮೂರು ದಿನ ಬಂದಳು. ಮೂರು ದಿನವೂ ತಾವು ಉದ್ಘಾಟನೆಯ ಸಿದ್ಧತೆಯಲ್ಲಿದ್ದಿರಿ. ನಿನ್ನೆ ನನ್ನ ಶಾಲೆಯಿಂದ ಕಾರಣ ಕೇಳಿ ನೋಟಿಸು ಬಂತು. ಆರು ವರ್ಷದ ಹಿಂದೆ ಯಾವುದಕ್ಕೆ ಹೆದರಿದ್ದೆನೋ ಅದು ಕೊನೆಗೂ ಮನೆಗೆ ಬಂದಿದೆ. ಅಬ್ಬಾ ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, "ಇಷ್ಟೇನಾ?" ಎಂದರು.

ನನ್ನ ಒತ್ತಾಯ ಹೀಗಿದೆ. ಶುಕ್ರವಾರ ಸಂಜೆ ಐದರೊಳಗೆ, 2019ರ ಫೈನಲ್ ನಡೆಯಿತು, ಮಂಡ್ಯ ಗೆದ್ದಿತು, ಮಳವಳ್ಳಿ ಸೋತಿತು ಎಂದು ಸಮಿತಿಗೆ ಬರೆದುಕೊಡಿ. ಬ್ಯಾನರಿನಿಂದ ‘ಪ್ರಥಮ’ವನ್ನು ತೆಗೆಸಿ. ನನ್ನ ಸುಳ್ಳು ವರದಿಗೆ ಏನು ಶಿಕ್ಷೆಯೋ ಅದನ್ನು ನನಗೆ ಕೊಡಿ, ಶೋಭಿತಾಳಿಗೆ ಕೊಡಬೇಡಿ.

ಕೊಡದಿದ್ದರೆ ಭಾನುವಾರ ನಾವು ಮದ್ದೂರಿಗೆ ಬರುತ್ತೇವೆ. 2006ರಿಂದ 2019ರವರೆಗೆ ಆಡಿದವರಲ್ಲಿ ಈವರೆಗೆ ನೂರ ಹನ್ನೆರಡು ಮಂದಿ ಬರುತ್ತೇನೆಂದು ಹೇಳಿದ್ದಾರೆ. ಕೆಲವರು ಮಕ್ಕಳನ್ನು ಎತ್ತಿಕೊಂಡು ಬರುತ್ತಾರೆ, ಇಬ್ಬರ ಮಕ್ಕಳು ಈ ಸಲ ತಮ್ಮ ಪಂದ್ಯಾವಳಿಯಲ್ಲೇ ಆಡುತ್ತಿದ್ದಾರೆ. ಘೋಷಣೆ ಕೂಗುವುದಿಲ್ಲ, ಆಟಕ್ಕೆ ಅಡ್ಡಿ ಮಾಡುವುದಿಲ್ಲ. ಆಡುತ್ತಿರುವ ಹುಡುಗಿಯರದು ಏನೂ ತಪ್ಪಿಲ್ಲ. ತಾವು ಪ್ರಥಮ ಚಾಂಪಿಯನ್‌ಶಿಪ್ ಎಂದು ದೀಪ ಹಚ್ಚುವ ಮುನ್ನ ನಮ್ಮಲ್ಲಿ ಒಬ್ಬೊಬ್ಬರೂ ಎದ್ದು ನಿಂತು ತಮ್ಮ ಹೆಸರು, ಊರು, ಆಡಿದ ವರ್ಷ ಹೇಳಿ ಕೂರುತ್ತೇವೆ. ಅಷ್ಟೂ ಜನ ಹೇಳಿ ಮುಗಿಸುವವರೆಗೆ ತಮ್ಮ ಮುಖ್ಯ ಅತಿಥಿಗಳು ದಯವಿಟ್ಟು ಕಾಯಬೇಕು.

ಇಂತಿ,
ಹೇಳಬೇಕಾದದ್ದನ್ನು ಆರು ವರ್ಷ ಒಂಬತ್ತು ತಿಂಗಳು ತಡವಾಗಿ ಹೇಳುತ್ತಿರುವ,
ನಾಜಿಮಾ
ಸದ್ಯಕ್ಕೆ ದೈಹಿಕ ಶಿಕ್ಷಣ ಶಿಕ್ಷಕಿ, ಮದ್ದೂರು
15 ನವೆಂಬರ್ 2025